ಹಳೇ ಅಗ್ಗದ ಬ್ಯಾಂಜೋಗೆ ಒಳ್ಳೇ ನಾದ ಬರಿಸೋದು ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ

ಪ್ರಶ್ನೆ (ಷಾರ್ಲಟ್, ನಾರ್ತ್ ಕ್ಯಾರೊಲೈನಾ)

ಎಲ್ಲರಿಗೂ ನಮಸ್ಕಾರ. ಚಿಕ್ಕವಳಿದ್ದಾಗ ಮೈಸೂರಲ್ಲಿ ಒಂದಷ್ಟು ವೀಣೆ ಕಲಿತಿದ್ದೆ. ಅಮೆರಿಕದ ಬ್ಯಾಂಜೋ ವಾದಕ ಬೇಲಾ ಫ್ಲೆಕ್ ಅವರು ಜಾಕಿರ್ ಹುಸೇನ್ ಜೊತೆ ನುಡಿಸಿದ್ದನ್ನ ಕೇಳಿದಾಗಿನಿಂದ ಬ್ಯಾಂಜೋ ಹುಚ್ಚು ಹತ್ತಿದೆ. ಊರಲ್ಲಿ ಗುಂಡಿ ಒತ್ತಿ ನುಡಿಸ್ತಾರಲ್ಲ, ಆ ಬುಲ್‌ಬುಲ್ ತರಂಗ್ ಅಲ್ಲ, ಇಲ್ಲಿಯ ಐದು ತಂತಿಯದು. ಪಕ್ಕದ ಬೀದಿಯ ಗರಾಜ್ ಸೇಲ್‌ನಲ್ಲಿ 60 ಡಾಲರ್‌ಗೆ ಒಂದು ಹಳೇದು ಸಿಕ್ತು. ಎಲ್ಲೂ ಕಂಪನಿ ಹೆಸರಿಲ್ಲ, ಒಳಗೆ ಜಪಾನ್ ಅಂತ ಒಂದು ಚೀಟಿ ಇದೆ. ರಿಮ್ (ದುಂಡನೆಯ ಚೌಕಟ್ಟು) ಅಲ್ಯೂಮಿನಿಯಂ, ಹಿಂದೆ ಮರದ ರೆಸೊನೇಟರ್ (ದನಿ ಮುಂದಕ್ಕೆ ತಳ್ಳುವ ಬೆನ್ನಿನ ತಟ್ಟೆ), ಮೇಲೆ ಪ್ಲಾಸ್ಟಿಕ್ ಹೆಡ್ (ಮದ್ದಳೆಯ ಮುಚ್ಚಿಗೆಯಂಥ ಹೊದಿಕೆ).

ಮೀಟಿದರೆ ‘ದಬ್’ ಅಂತ ಅಲ್ಲೇ ಸತ್ತುಹೋಗುತ್ತೆ. ಎಲ್ಲಿಂದಲೋ ‘ಝುಂಯ್’ ಅಂತ ಅದುರು ಬೇರೆ. ಕುತ್ತಿಗೆಯ ಮೇಲಿನ ಮೆಟ್ಟಿಲುಗಳಲ್ಲಿ (ಫ್ರೆಟ್) ಒತ್ತಿದರೆ ಶ್ರುತಿ ನಿಲ್ಲಲ್ಲ. ಅಂಗಡಿಯವರನ್ನ ಕೇಳಿದ್ರೆ ಇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ ಅಂದ್ರು. ನನಗೆ ಇದನ್ನ ಬಿಡೋಕೆ ಮನಸ್ಸಿಲ್ಲ. ಏನು ಮಾಡಬಹುದು?

ಉತ್ತರ (ನ್ಯಾಶ್‌ವಿಲ್)

ಬಿಡಬೇಡಿ ಮೇಡಂ. ನೀವು ಹೇಳ್ತಿರೋದು 1960–70ರ ದಶಕಗಳಲ್ಲಿ ಜಪಾನ್‌ನಿಂದ ರಾಶಿರಾಶಿ ಬಂದ ಬ್ಯಾಂಜೋ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯೂಮಿನಿಯಂ ರಿಮ್, ಸುತ್ತ ಹೆಡ್ಡನ್ನ ಬಿಗಿಯುವ ಹುಕ್ಕು ಸಾಮಾನ್ಯವಾಗಿ 30. ಇಲ್ಲಿಯವರು ಅದಕ್ಕೆ ‘ಬಾಟಲ್ ಕ್ಯಾಪ್’ ಅಂತಾರೆ. ಅದೇ ವಾದ್ಯ ಹತ್ತಾರು ಹೆಸರಲ್ಲಿ ಮಾರಾಟ ಆಗಿದೆ. ಇವುಗಳಲ್ಲಿ ಮುಕ್ಕಾಲು ಪಾಲು ವಾದ್ಯಗಳ ತೊಂದರೆ ವಾದ್ಯದ್ದಲ್ಲ, ಯಾರೂ ಅದನ್ನ ಸರಿಯಾಗಿ ಕೂರಿಸಿಲ್ಲ ಅಷ್ಟೆ. ಗಿಟಾರ್ ಹಾಗಲ್ಲ, ಅಂಟು ಹಾಕಿ ಮುಗಿಸಿದರೆ ಅದರ ದನಿ ಬಹುಪಾಲು ತೀರ್ಮಾನ ಆದಹಾಗೆ. ಬ್ಯಾಂಜೋದಲ್ಲಿ ಪ್ರತಿಯೊಂದೂ ನಟ್ಟು, ಬೋಲ್ಟು. ಅದರ ದನಿ ನಿಮ್ಮ ಕೈಯಲ್ಲೇ ಇದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಹೆಡ್. ಅದು ಸಡಿಲವಾದರೆ ಕುದುರೆಯ (ತಂತಿಗಳನ್ನ ಹೊತ್ತು ಹೆಡ್ ಮೇಲೆ ನಿಲ್ಲುವ ಬ್ರಿಜ್) ಕಾಲ ಕೆಳಗೆ ತಗ್ಗು ಬೀಳುತ್ತೆ, ತಂತಿಯ ಶಕ್ತಿಯೆಲ್ಲ ಅಲ್ಲೇ ಇಂಗಿಹೋಗುತ್ತೆ. ನಿಮ್ಮ ‘ದಬ್’ ಅದೇ. ಒಂದು ಸ್ಟೀಲ್ ಸ್ಕೇಲನ್ನ ಹೆಡ್ ಮೇಲೆ ಅಡ್ಡಲಾಗಿ, ಕುದುರೆಗೆ ತಾಗಿಸಿ ಹಿಡಿಯಿರಿ. ನಡುವೆ ಬೆಳಕು ಚೆನ್ನಾಗಿ ತೂರಿ ಬಂದರೆ ಬಿಗಿ ಸಾಲದು ಅಂತ.

ಬಿಗಿಸೋಕೆ ಮೊದಲು ರೆಸೊನೇಟರ್ ಬಿಚ್ಚಿ, ತಂತಿಗಳನ್ನ ತುಸು ಸಡಿಲಿಸಿ. ಹುಕ್ಕುಗಳ ನಟ್‌ಗೆ ಸರಿಯಾಗಿ ಕೂರುವ ಬ್ರಾಕೆಟ್ ವ್ರೆಂಚ್ ಬೇಕು, ಇಕ್ಕಳ ಹಾಕಿದರೆ ನಟ್ಟಿನ ಮೂಲೆಗಳು ಸವೆದುಹೋಗ್ತವೆ. ಮೊದಲು ಎಲ್ಲ ಹುಕ್ಕನ್ನೂ ಬೆರಳಲ್ಲಿ ಅಲ್ಲಾಡಿಸಿ ನೋಡಿ, ಪೂರ್ತಿ ಸಡಿಲ ಇರೋದನ್ನ ಉಳಿದವುಗಳ ಮಟ್ಟಕ್ಕೆ ತನ್ನಿ. ಆಮೇಲೆ ಒಂದು ಹುಕ್ಕು, ಅದರ ನೇರ ಎದುರಿನದು, ಹೀಗೆ ಅಡ್ಡಡ್ಡ ಹೋಗ್ತಾ ಕಾಲು ಸುತ್ತು. ಬಿಗಿ ಬರ್ತಿದ್ದಹಾಗೆ ಅರೆಕಾಲು ಸುತ್ತು ಸಾಕು. ಹೆಡ್ಡನ್ನ ಹಿಡಿದಿರುವ ಲೋಹದ ಬಳೆ ಎಲ್ಲ ಕಡೆ ಒಂದೇ ಎತ್ತರದಲ್ಲಿ ಇಳೀತಿದೆಯಾ ಅಂತ ನೋಡ್ಕೊಳ್ತಾ ಇರಿ. ಒಂದೇ ದಿನಕ್ಕೆ ಮುಗಿಸಬೇಕು ಅಂತಿಲ್ಲ. ಪ್ಲಾಸ್ಟಿಕ್ ಹಿಗ್ಗುತ್ತೆ, ಮಾರನೇ ದಿನ ಮತ್ತೆ ಸ್ವಲ್ಪ ಕೇಳುತ್ತೆ.

ಎಷ್ಟು ಬಿಗಿ? 11 ಇಂಚಿನ ಹೆಡ್‌ಗೆ ಬ್ಲೂಗ್ರಾಸ್ (ಇಲ್ಲಿಯ ಒಂದು ಚುರುಕಿನ ಸಂಗೀತ ಶೈಲಿ) ನುಡಿಸುವವರು ತಟ್ಟಿದರೆ ಜಿ ಶಾರ್ಪ್ ಸ್ವರದ ಆಸುಪಾಸು ಕೇಳಿಸುವಷ್ಟು ಬಿಗಿಸ್ತಾರೆ. ಈ ತೆಳು ಅಲ್ಯೂಮಿನಿಯಂಗೆ ನಾನು ಅಷ್ಟು ದೂರ ಹೋಗಲ್ಲ. ಎಫ್ ಶಾರ್ಪ್, ಹೆಚ್ಚೆಂದರೆ ಜಿ. ಶಿಕಾಗೋದಲ್ಲಿ ತಯಾರಾಗ್ತಿದ್ದ ಹಾರ್ಮನಿ ಕಂಪನಿಯ ಬೇಕಲೈಟ್ (ಹಳೇ ಕಾಲದ ಗಡಸು ಪ್ಲಾಸ್ಟಿಕ್) ರಿಮ್ ಬ್ಯಾಂಜೋ ಯಾರ ಹತ್ತಿರವಾದರೂ ಇದ್ದರೆ ಇನ್ನೂ ಜೋಪಾನ, ಹಳೇ ಬೇಕಲೈಟ್ ಬಿರುಕು ಬಿಟ್ಟರೆ ಮುಗೀತು.

ಇನ್ನು ಕುದುರೆ. ಇಂಥ ವಾದ್ಯದ ಜೊತೆ ಬಂದಿರೋದು ಸಾಮಾನ್ಯವಾಗಿ ದಪ್ಪ, ಭಾರ, ನಡು ಬಗ್ಗಿದ ಮರದ ತುಂಡು. ಮೇಪಲ್ ಮರದ, ನೆತ್ತಿಯಲ್ಲಿ ಕರಿಮರದ ಪಟ್ಟಿ ಇರುವ, ಮೂರು ಕಾಲಿನ, ಎರಡು ಗ್ರಾಂ ಆಸುಪಾಸು ತೂಗುವ ಕುದುರೆ ತರಿಸಿ. ಎತ್ತರ 5/8 ಇಂಚು ಸಾಮಾನ್ಯ, ಆದರೆ ಈಗಿರೋದನ್ನ ಅಳೆದೇ ತರಿಸಿ. ನೀವು ಹಾಕುವ ದುಡ್ಡಿನಲ್ಲಿ ಅತಿ ಹೆಚ್ಚು ಫಲ ಕೊಡೋದು ಇದೇ. ಕಾಲುಗಳು ಹೆಡ್ ಮೇಲೆ ಪೂರ್ತಿ ಕೂರಬೇಕು, ಅಡಿಯಲ್ಲಿ ಕಾಗದ ತೂರಿದರೆ ಹೋಗಬಾರದು.

ಒಂದು ಮಾತು. ಟೋನ್ ರಿಂಗ್ (ಹೆಡ್ಡಿನ ಅಡಿ ಕೂರುವ ಲೋಹದ ಉಂಗುರ) ಹಾಕಿಸಿ ಅಂತ ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಗಿಬ್ಸನ್ ಕಂಪನಿಯ ಮಾಸ್ಟರ್‌ಟೋನ್ ಬ್ಯಾಂಜೋದಲ್ಲಿ ಮೂರು ಪೌಂಡ್ ಹತ್ತಿರ ತೂಗುವ ಕಂಚಿನ ರಿಂಗ್ ಮರದ ರಿಮ್ ಮೇಲೆ ಕೂತಿರುತ್ತೆ. ನಿಮ್ಮದರಲ್ಲಿ ಅದಕ್ಕೆ ಜಾಗವೇ ಇಲ್ಲ.

ಉತ್ತರ (ಕೊಲಂಬಸ್, ಮೂಲ ಧಾರವಾಡ)

ಮ್ಯಾಲಿನವರು ಹೇಳಿದ್ದು ಖರೇ ಅದ. ಆದ್ರ ಹೆಡ್ಡಿಗೆ ಕೈ ಹಚ್ಚೂಕಿಂತ ಮೊದಲ ಕುತ್ತಿಗಿ ನೋಡ್ರಿ. ಒಂದ್ ಕೈಯಾಗ ರಿಮ್, ಇನ್ನೊಂದ್ ಕೈಯಾಗ ಕುತ್ತಿಗಿ ಹಿಡದು ಹಗೂರಕ ಹಿಂದ-ಮುಂದ ಅಲುಗಾಡಸ್ರಿ. ಜಾಯಿಂಟಿನಾಗ ಒಂದ್ ಕೂದಲೆಳಿ ಅಲುಗಿದ್ರೂ ನಾದ ಅಲ್ಲೇ ಸೋರಿ ಹೋಗತದ, ನೀವು ಹೆಡ್ಡ ಎಷ್ಟ ಬಿಗದ್ರೂ ಉಪಯೋಗಿಲ್ಲ. ಒಳಗ ಉದ್ದಕ್ಕ ಒಂದು ರಾಡ್ ಇರತದ, ಅದರ ಕುತ್ತಿಗಿ ಕಡೆ ತುದಿ ಮೊದಲ ಬಿಗಿ ಮಾಡ್ರಿ.

ಕೆಲವರು ಅದೇ ರಾಡ್ ತಿರುವಿ ತಂತಿ ಎತ್ತರ ಇಳಸ್ರಿ ಅಂತಾರ. ನಾ ಒಪ್ಪಂಗಿಲ್ಲ. ರಾಡ್ ತಿರುವಿದ್ರ ರಿಮ್ಮೇ ಸೊಟ್ಟ ಆಗತದ, ಎರಕದ ಅಲ್ಯೂಮಿನಿಯಂ ಅಂತೂ ಬಾಗೂದಕ್ಕ ಮಾಡಿದ್ದಲ್ಲ. ತಂತಿ ಭಾಳ ಎತ್ತರ ಇದ್ರ ಕುತ್ತಿಗಿ ಬಿಚ್ಚಿ, ಜಾಯಿಂಟಿನಾಗ ತೆಳ್ಳನ ಮರದ ಸಿಬರು ಇಟ್ಟು ಕೋನ ಸರಿ ಮಾಡ್ರಿ. ತಾಳ್ಮಿ ಬೇಕು, ಆದ್ರ ಒಮ್ಮೆ ಕೂತ್ರ ಕೂತಂಗ.

ಉತ್ತರ (ಬಾಸ್ಟನ್, ಮೂಲ ಉಡುಪಿ)

ಹೆಡ್ ಬಿಗಿಸಿದ ಮೇಲೆ ಟ್ಯೂನರ್ ಒಂದನ್ನೇ ನಂಬಬೇಡಿ ಮಾರಾಯ್ರೇ. ಬಡಿದಾಗ ಬರುವ ಸ್ವರಕ್ಕೆ ಟ್ಯೂನರ್ ಒಮ್ಮೆ ಒಂದು ತೋರಿಸ್ತದೆ, ಮತ್ತೊಮ್ಮೆ ಇನ್ನೊಂದು. ನಮ್ಮ ಯಕ್ಷಗಾನದ ಮದ್ದಳೆಗಾರರು ಚೌಕಿಯಲ್ಲಿ ಕೂತು ಮುಚ್ಚಿಗೆಯ ಅಂಚನ್ನು ಸುತ್ತ ತಟ್ಟಿ ತಟ್ಟಿ ಒಂದೇ ಸ್ವರಕ್ಕೆ ತರುವುದು ನೋಡಿದ್ದೀರಲ್ಲ, ಇಲ್ಲಿಯೂ ಅದೇ ಕೆಲಸ. ತಂತಿಗಳ ಅಡಿ ಬಟ್ಟೆ ತುರುಕಿ ಮೌನ ಮಾಡಿ. ಪೆನ್ಸಿಲಿನ ರಬ್ಬರ್ ತುದಿಯಿಂದ ಪ್ರತಿ ಹುಕ್ಕಿನ ಎದುರು, ಅಂಚಿನಿಂದ ಒಂದು ಇಂಚು ಒಳಗೆ, ಒಂದೇ ತೂಕದಲ್ಲಿ ತಟ್ಟಿ. ಎಲ್ಲಿ ಸ್ವರ ಇಳಿದದ್ದು ಕೇಳ್ತದೋ ಅಲ್ಲಿಯ ನಟ್ಟು ಒಂಚೂರು ಬಿಗಿ. ಏರಿದ್ದು ಕೇಳಿದರೆ ಒಂಚೂರು ಸಡಿಲ. ಸುತ್ತ ಒಂದೇ ಸ್ವರ ಬಂದಾಗ ವಾದ್ಯದ ಕಳೆಯೇ ಬೇರೆ. ಒಟ್ಟು ಬಿಗಿ ಎಷ್ಟು ಎನ್ನುವುದಕ್ಕಿಂತ ಈ ಸಮತೆ ದೊಡ್ಡದು ಅಂತ ನನ್ನ ಅಭಿಪ್ರಾಯ. ವೀಣೆ ಕಲಿತವರಿಗೆ ಕಿವಿ ಉಂಟು, ನಿಮಗೆ ಕಷ್ಟ ಆಗಲಿಕ್ಕಿಲ್ಲ.

ಇನ್ನೊಂದು ವಿಷಯ, ನಿಮ್ಮದು ಪ್ಲಾಸ್ಟಿಕ್ ಆದದ್ದು ಒಳ್ಳೆಯದೇ. ನನ್ನ ಹತ್ತಿರ ನಿಜವಾದ ತೊಗಲಿನ ಒಂದು ಹಳೆಯದು ಉಂಟು. ದನಿ ಬಹಳ ಇಂಪು, ಆದರೆ ಮಳೆ ಬಂದ ದಿನ ಜೋಲುತ್ತದೆ, ಚಳಿಗಾಲದಲ್ಲಿ ಹೀಟರ್ ಹಾಕಿದರೆ ಹರಿಯುವಷ್ಟು ಬಿಗಿಯುತ್ತದೆ. ಷಾರ್ಲಟಿನ ಬೇಸಿಗೆಯ ತೇವಕ್ಕೆ ಅದು ಹೊಂದುವುದಿಲ್ಲ.

ಉತ್ತರ (ರಾಲಿ)

ಮೇಲಿನ ಮೆಟ್ಟಿಲಲ್ಲಿ ಶ್ರುತಿ ನಿಲ್ಲಲ್ಲ ಅಂದಿರಲ್ಲ, ಅದಕ್ಕೆ ಕಾಸು ಖರ್ಚಿಲ್ಲ. ಬ್ಯಾಂಜೋದ ಕುದುರೆಯನ್ನ ಅಂಟಿಸಿರಲ್ಲ, ತಂತಿಯ ಒತ್ತಡದಲ್ಲೇ ನಿಂತಿರುತ್ತೆ. ಯಾರದೋ ಕೈ ತಾಗಿ ಸರಿದಿರುತ್ತೆ. ನಟ್ಟಿನಿಂದ (ಬೋಲ್ಟಿನದಲ್ಲ, ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) 12ನೇ ಮೆಟ್ಟಿಲಿಗೆ ಎಷ್ಟು ದೂರವೋ, ಅಲ್ಲಿಂದ ಕುದುರೆಗೂ ಅಷ್ಟೇ ಇಟ್ಟು ಶುರು ಮಾಡಿ. ಆಮೇಲೆ ಮೊದಲನೇ ತಂತಿಯನ್ನ 12ನೇ ಮೆಟ್ಟಿಲ ನೇರಕ್ಕೆ ಒತ್ತದೆ ಬರೀ ಮುಟ್ಟಿ ಮೀಟಿ, ನಂತರ ಒತ್ತಿ ಮೀಟಿ. ಒತ್ತಿದ್ದು ಏರಿ ಕೇಳಿದರೆ ಕುದುರೆಯನ್ನ ಟೈಲ್‌ಪೀಸ್ (ತಂತಿಗಳ ಬುಡ ಸಿಕ್ಕಿಸುವ ಲೋಹದ ತುಂಡು) ಕಡೆ ಕೂದಲಷ್ಟು ಸರಿಸಿ, ಇಳಿದು ಕೇಳಿದರೆ ಕುತ್ತಿಗೆ ಕಡೆ. ನಾಲ್ಕನೇ ತಂತಿಗೂ ಹೀಗೇ ನೋಡಿ. ಆ ಬದಿ ಸ್ವಲ್ಪ ಹಿಂದೆ ಓರೆಯಾಗಿ ನಿಲ್ಲುತ್ತೆ, ಅದು ಸರಿಯೇ. ಸರಿಯಾದ ಜಾಗ ಸಿಕ್ಕ ಮೇಲೆ ಕಾಲುಗಳ ಪಕ್ಕ ಪೆನ್ಸಿಲ್ ಗುರುತು ಹಾಕಿಡಿ. ತಂತಿ ಬದಲಾಯಿಸುವಾಗ ಒಂದೊಂದಾಗಿ ಬದಲಾಯಿಸಿ, ಎಲ್ಲ ಒಟ್ಟಿಗೆ ತೆಗೆದರೆ ಕುದುರೆ ಬಿದ್ದುಹೋಗುತ್ತೆ.

ಅದುರಿಗೆ ಮದ್ದು ಹುಡುಕಾಟ ಒಂದೇ. ಯಾರಾದರೂ ಒಂದೇ ತಂತಿ ಮೀಟ್ತಾ ಇರಲಿ, ನೀವು ಬಿರಡೆಗಳ ತಿರುಪು, ಟೈಲ್‌ಪೀಸಿನ ಮುಚ್ಚಳ, ಕೈಯಾಸರೆ, ಒಂದೊಂದು ಹುಕ್ಕು ಹೀಗೆ ಬೆರಳಿಟ್ಟು ಒತ್ತುತ್ತಾ ಬನ್ನಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತೋ ಅದೇ ಕಳ್ಳ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರ ಆಯ್ತು. ಕುತ್ತಿಗೆ ಗಟ್ಟಿ ಇದೆ. ಕುದುರೆ ಅರ್ಧ ಇಂಚು ಮುಂದೆ ನಿಂತಿತ್ತು! ಹಿಂದೆ ಸರಿಸಿದ ಮೇಲೆ ಶ್ರುತಿ ನಿಂತಿದೆ. ಅದುರು ಬರ್ತಿದ್ದದ್ದು ಟೈಲ್‌ಪೀಸಿನ ಮುಚ್ಚಳದಿಂದ, ಅಡಿಗೆ ಒಂದು ಚೂರು ಫೆಲ್ಟ್ ಇಟ್ಟೆ, ನಿಂತುಹೋಯ್ತು. ಹೆಡ್ಡನ್ನ ಎಫ್ ಶಾರ್ಪ್ ಹತ್ತಿರ ತಂದಿದೀನಿ. ‘ದಬ್’ ಹೋಗಿದೆ. ಆದರೆ ಈಗ ಪ್ರತಿ ಸ್ವರದ ಹಿಂದೆ ಒಂದು ತಗಡಿನ ಗುಂಯ್ ಉಳ್ಕೊಳ್ತಿದೆ. ತಂತಿ ಯಾವುದು ತಗೊಳ್ಳಲಿ ಅಂತಾನೂ ಹೇಳಿ.

ಉತ್ತರ (ನ್ಯಾಶ್‌ವಿಲ್)

ಗುಂಯ್ ಬಂತು ಅಂದರೆ ಹೆಡ್ ಕೆಲಸ ಮಾಡ್ತಿದೆ ಅಂತ ಅರ್ಥ. ಎರಡು ಕಡೆ ನೋಡಿ. ಕುದುರೆಯಿಂದ ಟೈಲ್‌ಪೀಸ್‌ವರೆಗಿನ ತಂತಿಯ ತುಂಡು ತಾನೂ ಹಾಡುತ್ತೆ, ಅಲ್ಲಿ ಬಟ್ಟೆಯ ಒಂದು ಪಟ್ಟಿಯನ್ನ ತಂತಿಗಳ ಮೇಲೆ ಕೆಳಗೆ ಹೆಣೆದುಬಿಡಿ. ಅದಕ್ಕೂ ಹೋಗದಿದ್ದರೆ ಮೆತ್ತನೆಯ ಬಟ್ಟೆಯನ್ನ ಮಡಿಸಿ, ಒಳಗಿನ ರಾಡಿಗೂ ಹೆಡ್ಡಿಗೂ ನಡುವೆ, ಕುತ್ತಿಗೆ ಕಡೆ ಸಿಕ್ಕಿಸಿ. ಕುದುರೆಯ ಹತ್ತಿರ ತಂದಷ್ಟೂ ದನಿ ಮಂದ ಆಗುತ್ತೆ, ನಿಮಗೆ ಹಿತ ಅನ್ನಿಸುವ ಕಡೆ ನಿಲ್ಲಿಸಿ. ಟೈಲ್‌ಪೀಸ್ ಹೆಡ್ಡಿಗೆ ತೀರ ಹತ್ತಿರ ಬಾಗಿದ್ದರೆ ಸ್ವಲ್ಪ ಎತ್ತಿ, ತಂತಿ ಕುದುರೆಯನ್ನ ಒತ್ತುವುದು ಕಡಿಮೆ ಆಗಿ ದನಿಯ ಚೂಪು ಇಳಿಯುತ್ತೆ.

ತಂತಿ ಲೈಟ್ (ತೆಳು) ಸೆಟ್, ಲೂಪ್ ಅಂದರೆ ಕುಣಿಕೆ ತುದಿಯದು. ಮೊದಲನೇದು ಮತ್ತು ಐದನೇದು .009 ಅಥವಾ .0095 ಇಂಚು ದಪ್ಪ, ನಾಲ್ಕನೇದು .020 ಸುತ್ತು ತಂತಿ. ಜಿ ಷಡ್ಜ ಅಂತ ಹಿಡಿದರೆ ನಾಲ್ಕನೇ ತಂತಿಯಿಂದ ಮಂದ್ರ ಪಂಚಮ, ಷಡ್ಜ, ಅಂತರ ಗಾಂಧಾರ, ಪಂಚಮ. ಗಿಡ್ಡದು, ಅಂದರೆ ಐದನೇದು, ತಾರ ಷಡ್ಜ, ವೀಣೆಯ ತಾಳದ ತಂತಿಯ ಹಾಗೆ ಪಕ್ಕದಲ್ಲಿ ನುಡೀತಾ ಇರುತ್ತೆ. ನಿಮ್ಮ ಬೆರಳಿಗೆ ಇದು ಬೇಗ ಕೂರುತ್ತೆ.

ರೆಸೊನೇಟರ್ ಒಂದು ವಾರ ತೆಗೆದಿಟ್ಟು ನುಡಿಸಿ ನೋಡಿ. ಸದ್ದು ಕಡಿಮೆ ಆಗುತ್ತೆ, ತೂಕವೂ ಇಳಿಯುತ್ತೆ, ದನಿ ಬೆಚ್ಚಗಾಗುತ್ತೆ. ಬ್ಲೂಗ್ರಾಸ್ ಬ್ಯಾಂಜೋದ ಹೆಸರಾಂತ ವಾದಕ ಅರ್ಲ್ ಸ್ಕ್ರಗ್ಸ್ ಅವರ ಚುರುಕು ಸಿಡಿತ ಈ ರಿಮ್‌ನಿಂದ ಬರಲ್ಲ, ಅದನ್ನ ಅದರಿಂದ ಕೇಳಲೂ ಬಾರದು. ಕ್ಲಾಹ್ಯಾಮರ್ (ಉಗುರಿನಿಂದ ಕೆಳಮುಖವಾಗಿ ಬಡಿದು ನುಡಿಸುವ) ಶೈಲಿಯ ಹಳೇ ಹಾಡುಗಳಿಗೆ ಇದು ಬಹಳ ಚೆನ್ನಾಗಿ ಒಪ್ಪುತ್ತೆ. ಆ ಸಿಡಿತ ಎಂಥದ್ದು ಅಂತ ತಿಳಿಯಬೇಕಿದ್ದರೆ ನಿಮ್ಮೂರಿಂದ ಪಶ್ಚಿಮಕ್ಕೆ ಒಂದು ಗಂಟೆ ದಾರಿ ಶೆಲ್ಬಿ. ಸ್ಕ್ರಗ್ಸ್ ಆ ಕ್ಲೀವ್‌ಲ್ಯಾಂಡ್ ಕೌಂಟಿಯವರೇ, ಹಳೇ ಕೋರ್ಟ್ ಕಟ್ಟಡದಲ್ಲಿ ಅವರ ಹೆಸರಿನ ಮ್ಯೂಸಿಯಂ ಇದೆ.

ಹೊಸ ಕುದುರೆ ಬಂದ ಮೇಲೆ 12ನೇ ಮೆಟ್ಟಿಲ ಪರೀಕ್ಷೆ ಇನ್ನೊಮ್ಮೆ ಮಾಡಿ. ಹೆಡ್ಡಿನ ಬಿಗಿಯನ್ನ ತಿಂಗಳು ಬಿಟ್ಟು ತಟ್ಟಿ ನೋಡಿ.