ಮಗನ ಬೇಸ್‌ಬಾಲ್ ಟೀಮಿಗೆ ಸ್ಕೋರ್ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?

ಜರ್ಸಿ_ಅಪ್ಪ:

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಮಗನಿಗೆ ಹತ್ತು ವರ್ಷ, ಮಕ್ಕಳ ಬೇಸ್‌ಬಾಲಿನ ಲಿಟಲ್ ಲೀಗ್‌ನಲ್ಲಿ, ಮೇಜರ್ಸ್‌ಗಿಂತ ಕೆಳಗಿನ ಹಂತವಾದ ಮೈನರ್ಸ್‌ನಲ್ಲಿ ಆಡುತ್ತಾನೆ. ಈ ಸೀಸನ್ನಿಗೆ ಸ್ಕೋರ್ ಬರೆಯಲು ಯಾರೂ ಇಲ್ಲ ಅಂತ ಕೋಚ್ ಪುಸ್ತಕ ನನ್ನ ಕೈಗೆ ಕೊಟ್ಟಿದ್ದಾರೆ. ಊರಲ್ಲಿ ಕ್ಲಬ್ ಕ್ರಿಕೆಟ್ ಮ್ಯಾಚುಗಳಿಗೆ ಸ್ಕೋರ್ ಬರೆದಿದ್ದೇನೆ, ಬ್ಯಾಟಿಂಗ್ ಬೌಲಿಂಗ್ ಎರಡೂ ಟ್ಯಾಲಿ ಆಗುವವರೆಗೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಇಲ್ಲಿ ನೋಡಿದರೆ ಪುಟದ ತುಂಬ ಬರೀ ಚೌಕ, ಒಂದೊಂದರ ಒಳಗೂ ಸಣ್ಣ ಡೈಮಂಡ್.

ಆ ಚೌಕದಲ್ಲಿ ಏನು, ಹೇಗೆ ಬರೆಯುವುದು? ಪಿಚ್ ಲೆಕ್ಕದ ಬಗ್ಗೆ, ಅಂದರೆ ಚೆಂಡು ಎಸೆಯುವ ಪಿಚರ್ ಎಷ್ಟು ಎಸೆತ ಎಸೆದ ಅನ್ನುವುದರ ಬಗ್ಗೆ, ಎಲ್ಲರೂ ಅಷ್ಟು ಹುಷಾರಾಗಿರು ಅನ್ನುತ್ತಾರಲ್ಲ, ಯಾಕೆ? ಆಮೇಲೆ ನನಗೆ ಜಾಸ್ತಿ ತಲೆಬಿಸಿ ಇರುವುದು ಇದು: ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಹುಡುಗನ ಕಾಲ ಸಂದಿಯಲ್ಲಿ ಚೆಂಡು ಹೋಯಿತು ಅಂತಿಟ್ಟುಕೊಳ್ಳಿ. ಅದನ್ನು ಬ್ಯಾಟರ್ ಹೊಡೆದು ಗಳಿಸಿದ ಹಿಟ್ ಅನ್ನಬೇಕಾ, ಫೀಲ್ಡರ್ ತಪ್ಪು ಅಂತ ಎರರ್ ಅನ್ನಬೇಕಾ? ಅವನ ಅಮ್ಮ ನನ್ನ ಪಕ್ಕದಲ್ಲೇ ಕೂತಿರುತ್ತಾರೆ.

ಸ್ಕೋರ್‌ಬುಕ್_ಅಕ್ಕ:

ಮೊದಲು ಪೆನ್ಸಿಲ್, ರಬ್ಬರ್ ತಗೊಳ್ಳಿ. ಪೆನ್ ಬೇಡವೇ ಬೇಡ.

ಫೀಲ್ಡರುಗಳಿಗೆ ನಂಬರ್ ಇದೆ. ಅದು ಜರ್ಸಿ ನಂಬರ್ ಅಲ್ಲ, ನಿಲ್ಲುವ ಜಾಗದ್ದು. ಪಿಚರ್ 1, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ 4, ಥರ್ಡ್ 5, ಶಾರ್ಟ್‌ಸ್ಟಾಪ್ 6, ಹಿಂದೆ ಎಡದಿಂದ ಬಲಕ್ಕೆ 7, 8, 9. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಫಸ್ಟ್‌ಗೆ ಎಸೆದು ಔಟ್ ಮಾಡಿದರೆ 6-3. ಅಷ್ಟೇ.

ಒಂದು ಚೌಕ ತುಂಬೋಣ. ಒಬ್ಬ ಬ್ಯಾಟರ್‌ನ ಒಂದು ಸರದಿಗೆ ಒಂದು ಚೌಕ. ಒಳಗಿನ ಡೈಮಂಡಿನ ನಾಲ್ಕು ಮೂಲೆ ಅಂದರೆ ನಾಲ್ಕು ಬೇಸ್: ಕೆಳಗೆ ಹೋಮ್, ಬಲಕ್ಕೆ ಫಸ್ಟ್, ಮೇಲೆ ಸೆಕೆಂಡ್, ಎಡಕ್ಕೆ ಥರ್ಡ್. ಹುಡುಗನಿಗೆ ವಾಕ್ ಸಿಕ್ಕಿತು (ನಾಲ್ಕು ಕೆಟ್ಟ ಎಸೆತಕ್ಕೆ ಫಸ್ಟ್ ಬೇಸ್ ಪುಕ್ಕಟೆ), ಮೂಲೆಯಲ್ಲಿ ಬಿಬಿ ಬರೆದು ಕೆಳಗಿನ ಹೋಮ್‌ನಿಂದ ಫಸ್ಟ್‌ಗೆ ಗೆರೆ ಎಳೆಯಿರಿ. ಯಾರೂ ಹೊಡೆಯದೆಯೇ ಓಡಿ ಸೆಕೆಂಡ್ ಕದ್ದ, ಇನ್ನೊಂದು ಗೆರೆ, ಪಕ್ಕದಲ್ಲಿ ಎಸ್‌ಬಿ (ಸ್ಟೋಲನ್ ಬೇಸ್). ಮುಂದಿನವನು ಸೆಕೆಂಡ್ ಬೇಸ್ ಕಡೆ ಉರುಳಿಸಿ ಔಟಾದ: ಅವನ ಚೌಕದಲ್ಲಿ 4-3, ಪಕ್ಕದಲ್ಲಿ ಸುತ್ತು ಹಾಕಿದ 1, ಅಂದರೆ ಮೊದಲ ಔಟ್. ಅಷ್ಟರಲ್ಲಿ ನಮ್ಮ ಹುಡುಗ ಥರ್ಡ್ ಸೇರಿರುತ್ತಾನೆ, ಆ ಗೆರೆ ಮರೆಯಬೇಡಿ. ಆಮೇಲೆ ವೈಲ್ಡ್ ಪಿಚ್‌ಗೆ (ಕ್ಯಾಚರ್‌ಗೆ ಸಿಗದಷ್ಟು ದಿಕ್ಕು ತಪ್ಪಿದ ಎಸೆತ) ಹೋಮ್‌ಗೆ ಓಡಿ ಬಂದ, ಡಬ್ಲ್ಯುಪಿ ಬರೆದು ಡೈಮಂಡ್ ಪೂರ್ತಿ ತುಂಬಿಬಿಡಿ. ಒಂದು ರನ್. ಸ್ಟ್ರೈಕ್‌ಔಟ್‌ಗೆ (ಮೂರು ಸ್ಟ್ರೈಕ್ ಆಗಿ ಔಟ್) ಕೆ, ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟಾದರೆ ಅದೇ ಅಕ್ಷರ ತಿರುವುಮುರುವಾಗಿ.

ಬೇ_ಏರಿಯಾ_ಕನ್ನಡಿಗ:

ಪಿಚ್ ಲೆಕ್ಕ ಮಕ್ಕಳ ತೋಳಿನ ವಿಷಯ ಸರ್, ಅದಕ್ಕೇ ಅಷ್ಟು ಹೇಳುತ್ತಾರೆ. ಮೊದಲು ಇನಿಂಗ್ಸ್ ಲೆಕ್ಕದಲ್ಲಿ ಮಿತಿ ಇತ್ತು. 2007ರಿಂದ ಲಿಟಲ್ ಲೀಗ್ ಎಸೆತ ಎಣಿಸುವ ನಿಯಮ ತಂದಿತು. ನಿಮ್ಮ ಮಗನ ವಯಸ್ಸಿಗೆ, ಅಂದರೆ 9-10ಕ್ಕೆ, ದಿನಕ್ಕೆ 75. 7-8ಕ್ಕೆ 50, 11-12ಕ್ಕೆ 85. ಮಿತಿ ಮುಟ್ಟಿದಾಗ ಎದುರಿಗಿರುವ ಬ್ಯಾಟರ್‌ನನ್ನು ಮುಗಿಸಬಹುದು, ಅದಾದ ಮೇಲೆ ಇಳಿಯಲೇಬೇಕು.

ಇನ್ನು ವಿಶ್ರಾಂತಿ. 20ರ ಒಳಗಿದ್ದರೆ ಬೇಕಿಲ್ಲ, 21 ಮುಟ್ಟಿದರೆ ಒಂದು ದಿನ, 36ಕ್ಕೆ ಎರಡು, 51ಕ್ಕೆ ಮೂರು, 66ಕ್ಕೆ ನಾಲ್ಕು. 41 ಅಥವಾ ಜಾಸ್ತಿ ಎಸೆದವನು ಆವತ್ತು ಕ್ಯಾಚರ್ ಆಗುವಂತಿಲ್ಲ. ಹಾಗಾಗಿ 20 ಮತ್ತು 21ರ ನಡುವೆ ನೀವು ಎಡವಿದರೆ ಒಂದು ಮಗು ನಾಳೆಯ ಮ್ಯಾಚಿನಲ್ಲಿ ಎಸೆಯಬಾರದಿದ್ದರೂ ಎಸೆಯುತ್ತದೆ.

ಲೆಕ್ಕ ತಪ್ಪುವುದು ಹೆಚ್ಚಾಗಿ ಫೌಲ್‌ಗಳಲ್ಲಿ, ಅಂದರೆ ಬ್ಯಾಟಿಗೆ ತಗುಲಿ ಗೆರೆಯಾಚೆ ಹೋದ ಚೆಂಡುಗಳಲ್ಲಿ. ಎರಡು ಸ್ಟ್ರೈಕ್ ಆದ ಮೇಲಿನ ಫೌಲ್ ಸ್ಟ್ರೈಕ್ ಡಬ್ಬಿಗೆ ಹೋಗುವುದಿಲ್ಲ, ಆದರೆ ಅದೂ ಒಂದು ಎಸೆತವೇ. ಚೌಕದ ಪಕ್ಕ ಒಂದು ಚುಕ್ಕೆ ಇಟ್ಟುಬಿಡಿ. ಮೂರು ಔಟ್ ಆದ ತಕ್ಷಣ ಎದುರು ಟೀಮಿನ ಸ್ಕೋರರ್ ಹತ್ತಿರ ಹೋಗಿ ತಾಳೆ ನೋಡಿ. ಕೊನೆಯಲ್ಲಿ ಕೂತು ಜಗಳ ಆಡುವುದಕ್ಕಿಂತ ಇದು ಎಷ್ಟೋ ವಾಸಿ.

ರೈಟ್‌ಫೀಲ್ಡ್_ಗೌಡ:

ಎರರ್ ವಿಷಯಕ್ಕೆ ನನ್ನ ಮಾತು: ಹತ್ತು ವರ್ಷದ ಮಕ್ಕಳಿಗೆ ಎರರ್ ಬರೆಯಲೇಬೇಡಿ. ಎಲ್ಲ ಹಿಟ್ ಅಂತ ಬರೆಯಿರಿ. ಬ್ಯಾಟ್ ಮಾಡಿದ ಮಗುವಿಗೂ ಖುಷಿ, ಫೀಲ್ಡರ್‌ಗೂ ಬೇಜಾರಿಲ್ಲ. ಯಾರಿಗೇನು ನಷ್ಟ?

ಸ್ಕೋರ್‌ಬುಕ್_ಅಕ್ಕ:

ನಷ್ಟ ಪಿಚರ್‌ಗೆ, ಗೌಡ್ರೇ. ಮೂರನೇ ಔಟ್ ಆಗಬೇಕಿದ್ದ ಚೆಂಡನ್ನು ಹಿಟ್ ಅಂತ ಬರೆದರೆ ಆಮೇಲೆ ಬರುವ ರನ್ನುಗಳೆಲ್ಲ ಅವನ ತಲೆಗೆ. ಎರರ್ ಅಂತ ಬರೆದಿದ್ದರೆ ಅವು ಅರ್ನ್ಡ್ ರನ್ (ಪಿಚರ್ ಲೆಕ್ಕಕ್ಕೆ ಸೇರುವ ರನ್) ಆಗುತ್ತಲೇ ಇರಲಿಲ್ಲ. ಒಂದು ಮಗುವನ್ನು ಉಳಿಸಲು ಹೋಗಿ ಇನ್ನೊಂದರ ಮೇಲೆ ಹೊರಿಸಿದಂತೆ ಆಯಿತು, ಅಲ್ವಾ?

ನಿಯಮವೂ ಮಕ್ಕಳ ವಿರುದ್ಧ ಇಲ್ಲ. ಆ ಲೀಗಿನಲ್ಲಿ, ಆ ಜಾಗದಲ್ಲಿ ಆಡುವ ಸಾಧಾರಣ ಆಟಗಾರ ಮಾಮೂಲಿ ಪ್ರಯತ್ನದಲ್ಲಿ ಹಿಡಿಯುತ್ತಿದ್ದನೇ ಅನ್ನುವುದೇ ಅಳತೆ. ಮೈದಾನ, ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಟಿವಿಯಲ್ಲಿ ನೋಡುವ ಶಾರ್ಟ್‌ಸ್ಟಾಪ್ ಜೊತೆ ಯಾರೂ ಹೋಲಿಸುವುದಿಲ್ಲ. ಚೆಂಡು ಕಲ್ಲಿಗೆ ತಗುಲಿ ಅಡ್ಡ ಪುಟಿಯಿತು, ಹಿಟ್. ಯಾವ ಬೇಸಿಗೆ ಎಸೆಯಬೇಕು ಅಂತ ಗೊತ್ತಾಗದೆ ಮಗು ಚೆಂಡು ಹಿಡಿದುಕೊಂಡೇ ನಿಂತಿತು, ಅದೂ ಎರರ್ ಅಲ್ಲ. ನೇರ ಬಂದ ನಿಧಾನದ ಚೆಂಡು ಕಾಲ ಸಂದಿಯಲ್ಲಿ ಹೋಯಿತು, ಆಗ ಇ6, ಅಂದರೆ 6ನೇ ಜಾಗದವನ ಎರರ್. ಬರೆಯಿರಿ, ಆದರೆ ಕೂಗಿ ಹೇಳಬೇಡಿ. ಪುಸ್ತಕ ಕೋಚ್‌ಗೆ ಮಾತ್ರ ತೋರಿಸಿ. ಪಕ್ಕದ ಅಮ್ಮ ಕೇಳಿದರೆ ಮ್ಯಾಚ್ ಮುಗಿದ ಮೇಲೆ ನೋಡೋಣ ಅನ್ನಿ.

ಬೇ_ಏರಿಯಾ_ಕನ್ನಡಿಗ:

ಟ್ಯಾಲಿ ಅಭ್ಯಾಸ ಬಿಡಬೇಡಿ, ಇಲ್ಲೂ ಅದು ಇದೆ. ಒಂದು ಟೀಮಿನಿಂದ ಎಷ್ಟು ಸಲ ಬ್ಯಾಟರ್ ಬಂದರೋ ಅಷ್ಟಕ್ಕೆ ಅವರ ರನ್, ಬೇಸ್‌ನಲ್ಲಿ ಉಳಿದವರು, ಔಟ್ ಮೂರನ್ನೂ ಕೂಡಿಸಿದರೆ ಸಮ ಬರಬೇಕು. ಆರು ಜನ ಬಂದರು: ಎರಡು ರನ್, ಒಬ್ಬ ಉಳಿದ, ಮೂರು ಔಟ್. ಸರಿ ಹೋಯಿತು. ಬರದಿದ್ದರೆ ಯಾರನ್ನೋ ಬಿಟ್ಟಿದ್ದೀರಿ. ಅಂದಹಾಗೆ ಬೇಸ್‌ಬಾಲಿನ ಬಾಕ್ಸ್ ಸ್ಕೋರ್ ರೂಪಿಸಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು, ಬೇಸ್‌ಬಾಲಿಗೆ ಮೊದಲು ಪತ್ರಿಕೆಗಳಿಗೆ ಬರೆಯುತ್ತಿದ್ದುದು ಕ್ರಿಕೆಟ್ ಬಗ್ಗೆಯೇ. ನಿಮಗೆ ಇದು ಬೇಗ ಹಿಡಿಸುತ್ತದೆ.

ಜರ್ಸಿ_ಅಪ್ಪ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇನ್ನೊಂದೇ ಪ್ರಶ್ನೆ. ಮೂರನೇ ಸ್ಟ್ರೈಕ್ ಕ್ಯಾಚರ್ ಕೈಯಿಂದ ಜಾರಿದರೆ ಬ್ಯಾಟರ್ ಓಡಬಹುದು ಅನ್ನುತ್ತಾರಲ್ಲ, ಅದನ್ನು ಹೇಗೆ ಬರೆಯುವುದು?

ಸ್ಕೋರ್‌ಬುಕ್_ಅಕ್ಕ:

ಲಿಟಲ್ ಲೀಗ್ ಮೈನರ್ಸ್‌ನಲ್ಲಿ ಅದು ಇಲ್ಲ, ಬ್ಯಾಟರ್ ಔಟ್. ಮೇಲಿನ ಹಂತ ಮೇಜರ್ಸ್‌ಗೆ ಹೋದ ಮೇಲೆ ಬರುತ್ತದೆ. ಫಸ್ಟ್ ಬೇಸ್ ಖಾಲಿ ಇರಬೇಕು, ಇಲ್ಲಾ ಎರಡು ಔಟ್ ಆಗಿರಬೇಕು. ಕ್ಯಾಚರ್ ಎತ್ತಿ ಫಸ್ಟ್‌ಗೆ ಎಸೆದು ಔಟ್ ಮಾಡಿದರೆ ಕೆ 2-3. ಮಗು ಫಸ್ಟ್ ಬೇಸ್ ಮುಟ್ಟಿಬಿಟ್ಟರೂ ಪಿಚರ್‌ಗೆ ಸ್ಟ್ರೈಕ್‌ಔಟ್ ಸಿಗುತ್ತದೆ: ಕೆ ಬರೆದು ಪಕ್ಕದಲ್ಲಿ ಡಬ್ಲ್ಯುಪಿ ಅಥವಾ ಪಿಬಿ (ಪಾಸ್ಡ್ ಬಾಲ್, ಕ್ಯಾಚರ್ ಹಿಡಿಯಬೇಕಿದ್ದ ಚೆಂಡು ಬಿಟ್ಟದ್ದು), ಫಸ್ಟ್‌ಗೆ ಗೆರೆ. ಔಟ್ ನಂಬರ್ ಹಾಕಬೇಡಿ.