ಭತ್ತದ ಹುಲ್ಲು ಇಂಧನ ಘಟಕಕ್ಕೆ ಕೊಡಬೇಕೋ, ಬ್ಯಾಡೋ?

ಎರಿಹೊಲ, ಸಿಂಧನೂರು
ಎಲ್ಲರಿಗೂ ನಮಸ್ಕಾರ್ರಿ. ನಮ್ಮೂರಿಗೆ ಹುಲ್ಲು ಕೊಳ್ಳೋ ಏಜೆಂಟ್ ಬಂದಿದ್ದ. ಎಥನಾಲ್ ಮಾಡೋ ಘಟಕಕ್ಕ ಭತ್ತದ ಹುಲ್ಲು ಬೇಕಂತ. ಬೇಲರ್ ಅವರದ, ಪೆಂಡಿ ಕಟ್ಟಿ ಅವರ ಒಯ್ತಾರ. ನಂದು 8 ಎಕರೆ, ಎಡದಂಡೆ ಕಾಲುವಿ ನೀರು. ಆಳು ಹಚ್ಚಿ ಕೊಯ್ಯೋ ಕಾಲಕ್ಕ ಬಣವಿ ಒಟ್ಟತಿದ್ವಿ. ಈಗ ಕಟಾವು ಮಷೀನ್ ಹೋದಮ್ಯಾಲೆ ಹುಲ್ಲು ಹೊಲದ ತುಂಬ ಚೆಲ್ಲಿ ಬೀಳ್ತದ. ಎತ್ತಾಕ ಆಳಿಲ್ಲ, ಎರಡನೇ ಬೆಳಿಗೆ ಗದ್ದಿ ಮಾಡಾಕ ದಿನ ಇಲ್ಲ, ಬೆಂಕಿ ಹಚ್ತೀವಿ. ಆ ಹೊಗಿಗೆ ಅವ್ವಗ ಉಬ್ಬಸ ಜೋರಾಗ್ತದ. ಕೊಟ್ಟುಬಿಡೂದ ಚಲೋ ಅನಸ್ತದ. ತಿಳಿದವರು ಹೇಳ್ರಿ.

ಬಾಯ್ಲರ್‌ಮನೆ
ಕೊಡಿ ಅಣ್ಣ, ಯೋಚನೆ ಬೇಡ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್‌ನವರ ಘಟಕ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥನಾಲ್ ತೆಗೆಯುವ ಲೆಕ್ಕದಲ್ಲಿ ಕಟ್ಟಿದ್ದು, ಅಂದರೆ ಟನ್‌ಗೆ 150 ಲೀಟರ್. ಇವತ್ತು ಪೆಟ್ರೋಲಿಗೆ ಬೆರೆಸುವ ಎಥನಾಲ್ ಹೆಚ್ಚುಕಡಿಮೆ ಎಲ್ಲ ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಬರುತ್ತಿದೆ. ಅದಕ್ಕೆ ಹೊಲ ಬೇಕು, ನೀರು ಬೇಕು. ಹುಲ್ಲಿಗೆ ಬೇರೆ ಹೊಲ ಬೇಡ, ಭತ್ತಕ್ಕೆ ಬಿಟ್ಟ ನೀರಲ್ಲೇ ಅದೂ ಬೆಳೆದಿರುತ್ತದೆ. ಸುಟ್ಟು ಹೊಗೆ ಮಾಡುವುದಕ್ಕಿಂತ ಇಂಧನ ಮಾಡುವುದು ಎಷ್ಟೋ ಮೇಲು.

ಮಣ್ಣು ಪರೀಕ್ಷೆ
ಹೊಗೆ ನಿಲ್ಲಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಸರ್, ಹುಲ್ಲು ಪುಕ್ಕಟೆ ಸಿಗುವ ಕಸ ಅನ್ನುವ ಹಾಗೆ ಲೆಕ್ಕ ಹಾಕುತ್ತಿದ್ದೀರಿ. ಒಂದು ಟನ್ ಭತ್ತದ ಹುಲ್ಲಿನಲ್ಲಿ 5ರಿಂದ 8 ಕಿಲೋ ಸಾರಜನಕ, 12ರಿಂದ 17 ಕಿಲೋ ಪೊಟ್ಯಾಸಿಯಂ ಇರುತ್ತದೆ. ಸುಟ್ಟರೆ ಸಾರಜನಕ ಬಹುತೇಕ ಗಾಳಿಗೆ ಹೋಗುತ್ತದೆ, ಇಂಗಾಲವೂ ಹೋಗುತ್ತದೆ. ಪೊಟ್ಯಾಸಿಯಂ ಮಾತ್ರ ಬಹುಪಾಲು ಬೂದಿಯಲ್ಲಿ ಹೊಲದಲ್ಲೇ ಉಳಿಯುತ್ತದೆ. ಪೆಂಡಿ ಕಟ್ಟಿ ಲಾರಿಗೆ ಹಾಕಿದರೆ ಅದೂ ಹೋಯಿತು.

ಎಕರೆಗೆ ಒಂದೂವರೆ ಟನ್ ಎತ್ತಿದರು ಅಂದುಕೊಳ್ಳಿ, 18ರಿಂದ 25 ಕಿಲೋ ಪೊಟ್ಯಾಸಿಯಂ ಹೊರಟಿತು. ಅದನ್ನು ತುಂಬಿಕೊಡಲು ಎಕರೆಗೆ ಹತ್ತಿರ ಹತ್ತಿರ ಒಂದು ಚೀಲ ಎಂಒಪಿ, ಅಂದರೆ ಪೊಟ್ಯಾಷ್ ಗೊಬ್ಬರ, ಹಾಕಬೇಕು. ಆ ಗೊಬ್ಬರ ಹೊರದೇಶದಿಂದ ಹಡಗಿನಲ್ಲಿ ಬರುವಂಥದ್ದು. ಎರಡು ಬೆಳೆ ತೆಗೆಯುವ ಹೊಲಕ್ಕೆ ವರ್ಷಕ್ಕೆ ಎರಡು ಸಲ ಈ ಲೆಕ್ಕ. ಏಜೆಂಟ್ ಕೊಡುವ ದುಡ್ಡಿನಲ್ಲಿ ಮೊದಲು ಇದನ್ನು ಕಳೆಯಿರಿ ಅಣ್ಣ, ಉಳಿದದ್ದು ನಿಮ್ಮ ಲಾಭ.

ಎರಿಹೊಲ, ಸಿಂಧನೂರು
ಈ ಮಾತು ನನಗ ಯಾರೂ ಹೇಳಿರಲಿಲ್ರಿ ಅಕ್ಕಾ. ಒಂದು ವರ್ಷ ರೋಟವೇಟರ್ ಹೊಡಿಸಿ ಹುಲ್ಲು ಮಣ್ಣಾಗ ಮುಚ್ಚಿದ್ದೆ. ನಾಟಿ ಮಾಡಿದ ಸಸಿ ಹಳದಿ ತಿರುಗಿ, ಯೂರಿಯಾ ಇನ್ನೊಂದು ಸರ್ತಿ ಹಾಕಬೇಕಾತು. ಅವತ್ತಿಂದ ಬಿಟ್ಟೀನಿ.

ಮಣ್ಣು ಪರೀಕ್ಷೆ
ಹಾಗಾಗುವುದು ಸಹಜ. ಭತ್ತದ ಹುಲ್ಲಿನಲ್ಲಿ ಸಾರಜನಕ ಒಂದು ಪಾಲಾದರೆ ಇಂಗಾಲ 80 ಪಾಲಿನ ಆಸುಪಾಸು. ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಮಗೆ ಎಳೆದುಕೊಳ್ಳುತ್ತವೆ, ಸಸಿ ಬಡವಾಗುತ್ತದೆ. ಮುಚ್ಚಿ ಮೂರು ನಾಲ್ಕು ವಾರ ಬಿಟ್ಟರೆ ಸರಿಹೋಗುತ್ತದೆ. ನಿಮಗೆ ಇಲ್ಲದಿರುವುದೇ ಆ ವಾರಗಳು.

ಬಾಯ್ಲರ್‌ಮನೆ
ಇನ್ನೊಂದು ಸೇರಿಸಿ ಮೇಡಂ. ನೀರು ನಿಂತ ಗದ್ದೆಯಲ್ಲಿ ಹಸಿ ಹುಲ್ಲು ಕೊಳೆತರೆ ಮೀಥೇನ್ ಏಳುತ್ತದೆ. ಹೊಲದಲ್ಲೇ ಬಿಟ್ಟರೆ ಎಲ್ಲವೂ ಸರಿ ಅನ್ನುವ ಹಾಗಿಲ್ಲ.

ಪೊಟ್ಯಾಷ್ ವಿಚಾರ ಮಾತ್ರ ಒಪ್ಪಿದೆ. ನಾನು 11 ವರ್ಷ ಸಕ್ಕರೆ ಕಾರ್ಖಾನೆಯ ಬಾಯ್ಲರ್ ನೋಡಿಕೊಂಡವನು. ಹುಲ್ಲಿನ ಘಟಕದಲ್ಲೂ ಎಥನಾಲ್ ಆಗದೆ ಉಳಿಯುವ ಲಿಗ್ನಿನ್ (ಹುಲ್ಲಿಗೆ ಗಟ್ಟಿತನ ಕೊಡುವ ಭಾಗ) ಬಾಯ್ಲರಿಗೇ ಹೋಗುತ್ತದೆ. ಪೊಟ್ಯಾಸಿಯಂ ನೀರಲ್ಲಿ ಕರಗುವಂಥದ್ದು, ಹಾಗಾಗಿ ಹೆಚ್ಚಿನ ಭಾಗ ಉಳಿಕೆ ನೀರಿನಲ್ಲಿರುತ್ತದೆ. ಅದು ಮಾಯವಾಗುವುದಿಲ್ಲ, ಬೇಕೆಂದರೆ ತಿರುಗಿ ತರಬಹುದು. ಕಾಕಂಬಿ ಡಿಸ್ಟಿಲರಿಗಳಲ್ಲಿ ಸ್ಪೆಂಟ್‌ವಾಶ್ (ಮದ್ಯಸಾರ ತೆಗೆದ ಮೇಲೆ ಉಳಿಯುವ ನೀರು) ಸುಟ್ಟ ಬೂದಿಯಿಂದ ಪೊಟ್ಯಾಷ್ ಗೊಬ್ಬರ ಮಾಡುತ್ತಾರೆ, ಕೇಂದ್ರ ಅದನ್ನು 2021ರಲ್ಲಿ ಸಬ್ಸಿಡಿ ಪಟ್ಟಿಗೂ ಸೇರಿಸಿತು. ಹುಲ್ಲಿನ ಘಟಕಕ್ಕೂ ಅದೇ ನಿಯಮ ಬೇಕು.

ಎಮ್ಮಿ ಮನಿ, ಕುಷ್ಟಗಿ
ನೀವೆಲ್ಲಾ ಮಣ್ಣು, ಪೆಟ್ರೋಲು ಅಂತೀರಿ. ದನದ ಮಾತು ಯಾರೂ ಎತ್ತಲಿಲ್ಲ. ನಾವು ಮಳಿ ನಂಬಿದವರು, ಜ್ವಾಳದ ಸೊಪ್ಪಿ ಸಾಲದ ವರ್ಷ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯಿಂದ ನೆಲ್ಲುಹುಲ್ಲು ತಂದು ಎಮ್ಮಿ ಉಳಿಸಿಕೊಂತೀವಿ. 2023ರಾಗ ರಾಜ್ಯದ 236 ತಾಲ್ಲೂಕಿನಾಗ 223 ಬರ ಅಂತ ಸರ್ಕಾರನ ಘೋಷಣೆ ಮಾಡ್ತು. ಆ ವರ್ಷ ಹುಲ್ಲಿಗೆ ಎಷ್ಟು ಅಲದಾಡಿದ್ವಿ ಅನ್ನೂದು ನಮಗ ಗೊತ್ತು. ಹೆಚ್ಚಾಗಿ ಉಳಿದ ಹುಲ್ಲು ಅಂತೀರಲ್ಲ, ಯಾರ ಮನ್ಯಾಗ ಹೆಚ್ಚಾಗೇತಿ? ಘಟಕದವರು ಐದು ವರ್ಷಕ್ಕ ಕರಾರು ಮಾಡಿಕೊಂಡ್ರ ಬರಗಾಲದಾಗ ನಮ್ಮ ದನಕ್ಕ ಯಾರು ಕೊಡ್ತಾರ?

ಬಾಯ್ಲರ್‌ಮನೆ
ಅಕ್ಕಾ, ಘಟಕವೂ ಹುಲ್ಲಿಲ್ಲದೆ ನಿಂತರೆ ಮುಳುಗುತ್ತದೆ. ಕೊಯ್ಲಿನ ಕೆಲವೇ ವಾರಗಳಲ್ಲಿ ವರ್ಷದ ಹುಲ್ಲು ಕೂಡಿಸಿ, ಮಳೆ, ಬೆಂಕಿಯಿಂದ ಕಾಪಾಡಬೇಕು. ಕರಾರು ಇಲ್ಲದೆ ಆಗದು.

ಎಮ್ಮಿ ಮನಿ, ಕುಷ್ಟಗಿ
ಕರಾರು ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಬರ ಘೋಷಣೆ ಆದ ವರ್ಷ ಮೊದಲ ಪಾಲು ದನಕ್ಕ ಅಂತ ಒಂದು ಸಾಲು ಬರೀರಿ.

ಕೂಳೆ ಕಬ್ಬು, ಮಂಡ್ಯ
ನಮ್ ಕಡೆ ಕಬ್ಬಿನ ತರಗು, ನೀವು ರವದಿ ಅಂತೀರಲ್ಲ, ಅದನ್ನ ಹಿಂಗೇ ಸುಡ್ತಿದ್ರು. ನಾನು ಆರು ವರ್ಷದಿಂದ ಕೂಳೆ ಬೆಳೆಗೆ (ಕಡಿದ ಬುಡದಿಂದ ಮತ್ತೆ ಚಿಗುರೋ ಕಬ್ಬು) ಸಾಲು ಬಿಟ್ಟು ಸಾಲು ಹಾಸ್ತಾ ಇವ್ನಿ. ಕಳೆ ಕಮ್ಮಿ, ನೀರು ತಡವಾಗಿ ಕಟ್ಟಿದ್ರೂ ನಡೀತದೆ, ಎರೆಹುಳ ಕಾಣ್ತವೆ. ನಾನಂತೂ ಯಾವ ಕಾರ್ಖಾನೆಗೂ ಕೊಡಕ್ಕಿಲ್ಲ. ಆದ್ರೆ ಎರಡು ಬೆಳೆ ಭತ್ತದೋರಿಗೆ ಇದೇ ಮಾಡಿ ಅನ್ನಕ್ಕೆ ಬಾಯಿ ಬರಕ್ಕಿಲ್ಲ, ಅವ್ರಿಗೆ ಟೈಮೇ ಇಲ್ವಲ್ಲ.

ಮಣ್ಣು ಪರೀಕ್ಷೆ
ಹುಲ್ಲು ಕೊಡಲೇಬೇಕು ಅಂತಿದ್ದರೆ ನನ್ನ ಒಲವು ಎಥನಾಲ್‌ಗಿಂತ ಒತ್ತಿದ ಜೈವಿಕ ಅನಿಲದ ಕಡೆ, ಗೋಬರ್ ಗ್ಯಾಸ್‌ನ ಹಾಗೆ ಕೊಳೆಸಿ ತೆಗೆಯುವಂಥದ್ದು. 2018ರಲ್ಲಿ ಕೇಂದ್ರ ಶುರು ಮಾಡಿದ ಸತತ್ ಯೋಜನೆಯಲ್ಲಿ ತೈಲ ಕಂಪನಿಗಳು ಕೊಳ್ಳುವುದು ಅದನ್ನೇ. ಹುಲ್ಲೊಂದನ್ನೇ ಹಾಕಿದರೆ ಸರಿಯಾಗಿ ಕೊಳೆಯದು, ಸಗಣಿ ಬೆರೆಸಬೇಕು. ಅನಿಲ ಹೊರಬಿದ್ದ ಮೇಲೂ ಸಾರಜನಕ, ಪೊಟ್ಯಾಸಿಯಂ ಎಲ್ಲ ಉಳಿಯುವ ಬಗ್ಗಡದಲ್ಲೇ ಇರುತ್ತದೆ, ಕೊಳೆಯದ ಲಿಗ್ನಿನ್ ಕೂಡ. ಹುಲ್ಲು ಒಯ್ದ ಲಾರಿ ಬಗ್ಗಡದ ಗೊಬ್ಬರ ಹೇರಿಕೊಂಡು ಅದೇ ಹೊಲಕ್ಕೆ ಬರಬೇಕು. ಬರದಿದ್ದರೆ ಅದನ್ನು ಹಸಿರು ಇಂಧನ ಅಂತ ನಾನು ಕರೆಯಲಾರೆ.

ಎರಿಹೊಲ, ಸಿಂಧನೂರು
ಏಜೆಂಟ್ ಸೋಮವಾರ ಮತ್ತ ಬರ್ತಾನ್ರಿ. 5 ಎಕರೆದ ಹುಲ್ಲು ಕೊಡ್ತೀನಿ, ಅದೂ ಒಂದು ವರ್ಷಕ್ಕಷ್ಟ. ಹುಲ್ಲಿನ ತೂಕದ ಮ್ಯಾಲೆ ಬೂದಿಗೊಬ್ಬರ ಎಷ್ಟು ತಿರುಗಿ ಕೊಡ್ತೀರಿ, ಕಾಗದದ ಮ್ಯಾಲೆ ಬರೀರಿ ಅಂತೀನಿ. ಬರಿಯಂಗಿಲ್ಲ ಅಂದ್ರ ಕೊಡೂದಿಲ್ಲ. ಉಳಿದ 3 ಎಕರೆದ್ದು ಬಾಡಿಗಿ ಬೇಲರ್‌ನಿಂದ ಪೆಂಡಿ ಕಟ್ಟಿಸ್ತೀನಿ. ಕುಷ್ಟಗಿ ಅಕ್ಕಾರ, ನಿಮಗ ಬೇಕೇನ್ರಿ?

ಎಮ್ಮಿ ಮನಿ, ಕುಷ್ಟಗಿ
ಬೇಕ್ರಿ ಅಣ್ಣಾರ. ಕಟಾವಿನ ದಿನ ಮೊದಲ ತಿಳಸ್ರಿ, ಟ್ರ್ಯಾಕ್ಟರ್ ನಾವ ತರ್ತೀವಿ. ಬರೋವಾಗ ಒಂದು ಟ್ರೇಲರ್ ತಿಪ್ಪಿಗೊಬ್ಬರ ಹಾಕ್ಕೊಂಡ ಬರ್ತೀವಿ, ನಿಮ್ಮ ಹೊಲಕ್ಕ ಆಗ್ತದ.