ನೈಮ್‌ನಲ್ಲಿ ಕವಲು ಹಾಕುವುದು: ಮಾರಾಟವಿಲ್ಲದ ದಿನ ವರದಿ ನಿಲ್ಲಿಸುವುದು ಹೇಗೆ?

ಪ್ರಶ್ನೆ: ಐದು ಅಂಗಡಿಗಳಿಂದ ದಿನವೂ ಮಾರಾಟದ ಎಕ್ಸೆಲ್ ಹಾಳೆ ಬರುತ್ತದೆ. ಮಾರಾಟವಿದ್ದರೆ ವರದಿ ಬರೆಯಬೇಕು, ಇಲ್ಲದಿದ್ದರೆ ಮಾಲೀಕರಿಗೆ ಇಮೇಲ್ ಹೋಗಬೇಕು. ಒಂದೊಂದು ಹಂತಕ್ಕೆ ‘ನೋಡ್’ ಎಂಬ ಪೆಟ್ಟಿಗೆಯಿಟ್ಟು ಸಾಲಾಗಿ ಜೋಡಿಸುವ ದತ್ತಾಂಶ ತಂತ್ರಾಂಶವಾದ ನೈಮ್‌ನಲ್ಲಿ (KNIME) ರೋ ಸ್ಪ್ಲಿಟರ್ ನೋಡ್ ಹಾಕಿ ಎರಡು ದಾರಿ ಮಾಡಿದ್ದೇನೆ. ಆದರೂ ಭಾನುವಾರ ಬರೀ ತಲೆಬರಹಗಳಿರುವ ವರದಿ ಸಿದ್ಧವಾಗಿರುತ್ತದೆ, ಇಮೇಲ್ ದಿನವೂ ಹೋಗುತ್ತದೆ. ಬಳಸಿದವರು ತಿಳಿಸಿ.

ಉತ್ತರ, ಲೆಕ್ಕಪತ್ರ ವಿಭಾಗದವರಿಂದ: ರೋ ಸ್ಪ್ಲಿಟರ್ ಜರಡಿಯಿದ್ದಂತೆ. ಸಾಲುಗಳನ್ನು ಎರಡು ಪಾಲು ಮಾಡುತ್ತದೆ, ದಾರಿಯನ್ನು ಮುಚ್ಚುವುದಿಲ್ಲ. ಒಂದು ಪಾಲಿಗೆ ಸೊನ್ನೆ ಸಾಲು ಬಂದರೂ ಖಾಲಿ ಕೋಷ್ಟಕ ಮುಂದೆ ಹೋಗುತ್ತದೆ, ಎಕ್ಸೆಲ್ ರೈಟರ್ ಅದನ್ನೂ ನಿಷ್ಠೆಯಿಂದ ಬರೆದಿಡುತ್ತದೆ. ನಿಮಗೆ ಬೇಕಾಗಿರುವುದು ಕಾಲುವೆಯ ತೂಬು, ಅಂದರೆ ಇಫ್ ಸ್ವಿಚ್. ಎಕ್ಸ್‌ಟ್ರ್ಯಾಕ್ಟ್ ಟೇಬಲ್ ಡೈಮೆನ್ಷನ್ ನೋಡ್ ಸಾಲುಗಳ ಸಂಖ್ಯೆಯನ್ನು ಫ್ಲೋ ವೇರಿಯಬಲ್ (ನೋಡ್‌ನಿಂದ ನೋಡ್‌ಗೆ ಸಾಗುವ ಬೆಲೆ) ಆಗಿ ಕೊಡುತ್ತದೆ. ಅದನ್ನು ರೂಲ್ ಇಂಜಿನ್ ವೇರಿಯಬಲ್ ನೋಡ್‌ಗೆ ಕೊಟ್ಟು ಸೊನ್ನೆಗಿಂತ ಹೆಚ್ಚಿದ್ದರೆ ‘ಟಾಪ್’ (top, ಮೇಲಿನ ದಾರಿ), ಇಲ್ಲದಿದ್ದರೆ ‘ಬಾಟಮ್’ (bottom, ಕೆಳಗಿನ ದಾರಿ) ಎಂದು ನಿಯಮ ಬರೆಯಿರಿ. ಬಂದ ಉತ್ತರವನ್ನು ಇಫ್ ಸ್ವಿಚ್‌ನ ಫ್ಲೋ ವೇರಿಯಬಲ್ ಪುಟದಲ್ಲಿ ಜೋಡಿಸಿ. ಇವೆರಡು ಮತ್ತು ಎರಡೂ ದಾರಿ ತೆರೆಯುವ ‘ಬೋತ್’ (both) ಬಿಟ್ಟು ಬೇರೆ ಪದ ನಡೆಯುವುದಿಲ್ಲ. ‘ಹೌದು’, ‘ಇಲ್ಲ’ ಎಂದು ಕೊಟ್ಟು ನಾನು ಅರ್ಧ ದಿನ ಕಳೆದಿದ್ದೇನೆ.

ಉತ್ತರ, ಗೋದಾಮಿನ ದಾಸ್ತಾನು ನೋಡಿಕೊಳ್ಳುವವರಿಂದ: ಇಷ್ಟಕ್ಕೆ ಮೂರು ನೋಡ್ ಯಾಕೆ? ಎಂಪ್ಟಿ ಟೇಬಲ್ ಸ್ವಿಚ್ ಒಂದೇ ಸಾಕು. ಸಾಲುಗಳಿದ್ದರೆ ಮೇಲಿನ ಪೋರ್ಟ್ (ನೋಡ್‌ನ ಹೊರದಾರಿ) ತೆರೆಯುತ್ತದೆ, ಇಲ್ಲದಿದ್ದರೆ ಕೆಳಗಿನದು. ಎಚ್ಚರ ವಹಿಸಬೇಕಾದದ್ದು ಕವಲುಗಳು ಮತ್ತೆ ಕೂಡುವಲ್ಲಿ. ನಾನು ಅಭ್ಯಾಸಬಲದಿಂದ, ಕೋಷ್ಟಕಗಳನ್ನು ಒಂದರ ಕೆಳಗೊಂದು ಸೇರಿಸುವ ಕಾನ್‌ಕ್ಯಾಟಿನೇಟ್ ಹಾಕಿದ್ದೆ. ಅದರ ಒಂದು ಒಳದಾರಿ ಮುಚ್ಚಿದ್ದರೆ ಅದೂ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ ಮುಂದಿನ ಪೋರ್ಟ್‌ಗಳೆಲ್ಲ ಕೆಂಪು ಗುಣಾಕಾರ ಚಿಹ್ನೆ ಹೊತ್ತು ನಿಂತವು. ದೋಷದ ಸಂದೇಶವೂ ಇಲ್ಲ! ತಿಂಗಳ ಕೊನೆಯ ಸಂಜೆ ಅದನ್ನು ಹುಡುಕುತ್ತ ಕೂತಿದ್ದೆ. ಕವಲುಗಳು ಕೂಡುವಲ್ಲಿ ಎಂಡ್ ಇಫ್ ನೋಡ್ ಬೇಕು. ಮೂರು ನಾಲ್ಕು ಕವಲುಗಳಿದ್ದರೆ ಕೇಸ್ ಸ್ವಿಚ್ ಮತ್ತು ಅದರ ಎಂಡ್ ನೋಡ್.

ಉತ್ತರ, ಇನ್ನೊಬ್ಬರಿಂದ: ಹಾಳೆ ಖಾಲಿ ಬರುವುದು ಬೇರೆ, ಬಾರದೇ ಇರುವುದು ಬೇರೆ. ಬಾರದಿದ್ದರೆ ಸ್ವಿಚ್‌ವರೆಗೂ ಹೋಗುವುದಿಲ್ಲ, ಎಕ್ಸೆಲ್ ರೀಡರ್‌ನಲ್ಲೇ ಕೆಲಸ ನಿಲ್ಲುತ್ತದೆ. ಮೊದಲು ಲಿಸ್ಟ್ ಫೈಲ್ಸ್/ಫೋಲ್ಡರ್ಸ್ ನೋಡ್‌ನಿಂದ ಫೋಲ್ಡರ್‌ನಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿಸಿ, ಆಮೇಲೆ ಓದಿಸಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಎಂಪ್ಟಿ ಟೇಬಲ್ ಸ್ವಿಚ್‌ನಿಂದ ಖಾಲಿ ವರದಿ ನಿಂತಿತು. ಆದರೆ ಒಂದು ಅಂಗಡಿಯವರು ಭಾನುವಾರ ಹಾಳೆಯನ್ನೇ ಕಳುಹಿಸುವುದಿಲ್ಲ. ಉಳಿದ ನಾಲ್ಕು ಇರುವುದರಿಂದ ಕಡತಗಳ ಪಟ್ಟಿ ಖಾಲಿಯಾಗಿರುವುದಿಲ್ಲವಲ್ಲ! ಅಲ್ಲಿ ಮೊದಲು ಹೇಳಿದವರ ಮೂರು ನೋಡ್‌ಗಳನ್ನೇ ಹಾಕಿದ್ದೇನೆ: ಪಟ್ಟಿಯಲ್ಲಿ ಐದು ಸಾಲಿಗಿಂತ ಕಡಿಮೆಯಿದ್ದರೆ ‘ಬಾಟಮ್’.